ಆಟವು ಚಲನಚಿತ್ರವಾಗುವಲ್ಲಿ

ವಿಡಿಯೋ ಆಟಗಳನ್ನು ಸಾಹಸದ ಚಲನಚಿತ್ರಗಳನ್ನಾಗಿ ಮಾರ್ಪಡಿಸುವ ಪದ್ಧತಿಯು ಈಗ ಬಹಳವಾಗಿ ಹಬ್ಬಿದೆ. 1996ರಲ್ಲಿ ಹೊರಟ ‘ಟೂಮ್ ರೇಡರ್’ ಎಂಬ ಆಟವು 2001ರಲ್ಲಿಯೂ 2018ರಲ್ಲಿಯೂ ಚಿತ್ರವಾಯಿತು. ಅದರ ನಾಯಿಕೆ ಲಾರಾ ಕ್ರಾಫ್ಟ್ ಹೆಣ್ಣಾಗಿರುವದು ನಮಗೆ ಸಂತೋಷದ ಸಂಗತಿಯೇ ಸರಿ. ಆದರೆ ಆಟದಲ್ಲಿ ಬೀಳುವವರೂ ಏಳುವವರೂ ಆಡುವ ನಾವೇ. ಚಿತ್ರದಲ್ಲಿ ನಾವು ನೋಡುವವರು ಮಾತ್ರ. ಆದುದರಿಂದ ಆಟದ ನೆಗೆತಗಳನ್ನಷ್ಟೇ ತೆರೆಗೆ ತಂದರೆ ಸಾಲದು. ಕಾರವಾರ ಅಂಕೋಲೆಗಳಲ್ಲಿ ನಾವು ಕಾಣುವ ಯಕ್ಷಗಾನವನ್ನು ನೆನೆಯಿರಿ: ಪ್ರಸಂಗದಲ್ಲಿರುವದು ಪದ್ಯ, ಭಾಗವತರು ಅದನ್ನು ಹಾಡಿದ ಮೇಲೆ ಪಾತ್ರಧಾರಿಗಳು ತಮ್ಮ ಮಾತಿನಿಂದ ಅದಕ್ಕೆ ಜೀವ ತುಂಬುತ್ತಾರೆ. ಚಿತ್ರವನ್ನು ತಯಾರಿಸುವವರೂ ಹಾಗೆಯೇ ನಾಯಿಕೆಯ ಅಂಜಿಕೆ, ವಿಚಾರ, ನಿರ್ಧಾರಗಳನ್ನು ತುಂಬತಕ್ಕದ್ದು. ಇಲ್ಲವಾದರೆ ಸಾಹಸವನ್ನು ಕೈಯಾರೆ ಮಾಡಿದ ಹುಡುಗಿಯರು ಪುನಃ ಬರಿಯ ಪ್ರೇಕ್ಷಕರ ಸಾಲಿಗೆ ಸೇರುವರೆಂಬುದು ನಮ್ಮ ಅಭಿಪ್ರಾಯ.