ನಕ್ಷತ್ರಕ್ಕೆ ಕಾಗದ ಬೇಕಾ?

ನಾವು ಇಂಜಿನಿಯರಿಂಗ್ ಓದೋರು, ಡ್ರಾಯಿಂಗ್ ಇಲ್ಲದೆ ಕೈ ಓಡಲ್ಲ. ಹಾಗಾಗಿ ಪೇಪರ್ ಪೀಸಿಂಗ್ ನಮಗೆ ತಕ್ಷಣ ಇಷ್ಟ ಆಯ್ತು. ಕಾಗದದಲ್ಲಿ ನಕ್ಷತ್ರ ಪ್ರಿಂಟ್ ಮಾಡಿ, ಹಿಂಬದಿಗೆ ಚೂರುಬಟ್ಟೆ ಇಟ್ಟು, ಗೆರೆ ಮೇಲೇ ಮಿಷನ್ ಹೊಲಿಗೆ ಹಾಕಿ, ಕೊನೆಗೆ ಕಾಗದ ಹರಿದು ತೆಗೆಯೋದು. ಮೊನೆಗಳು ಚೂಪಾಗಿ ಬರುತ್ತವೆ, ಒಪ್ಪುತ್ತೇವೆ. ಆದರೆ ಪ್ರತಿ ಗೆರೆಗೂ ಕಾಲಿಂಚು ಅಂಚು ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಬೇಕು. ಚೂರು ಉಳಿಸೋಕೆ ಹೊರಟು ಕಸದಬುಟ್ಟಿ ತುಂಬಿಸಿದೆವು!

ನಮ್ಮಲ್ಲೊಬ್ಬಳ ಅಜ್ಜಿ ಪಿರಿಯಾಪಟ್ಟಣದ ಕಡೆಯವರು. ಅವರ ಕೌದಿಗೆ ನಕ್ಷೆಯೇ ಇಲ್ಲ. ಹಳೇ ಸೀರೆ ಹಾಸಿ, ಚೂರಿನ ಅಂಚು ಒಳಕ್ಕೆ ಮಡಚಿ, ಎಲ್ಲಾ ಪದರ ಸೇರಿಸಿ ಕೈಹೊಲಿಗೆ ಹಾಕ್ತಾರೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಕವಂದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ನಡುವಿಗೆ ಬರ್ತಾರೆ. ಬೆರಳಗಲದ ತುಂಡಿಗೂ ಜಾಗ ಸಿಗುತ್ತೆ.

"ಕಾಗ್ದಕ್ಕೆ ಯಾಕ್ರೋ ಹೊಲೀತೀರ?" ಅಂತ ಅಜ್ಜಿ ನಕ್ಕರು. ಒರಟು ಕೆಲಸ ಅಂದುಕೊಂಡಿದ್ದ ನಮಗೆ ನಾಚಿಕೆ ಆಯ್ತು. ಕ್ಲಬ್ಬಿನ ಗೋಡೆಗೆ ನಕ್ಷತ್ರ ಬೇಕಾದರೆ ಕಾಗದ ಇರಲಿ. ಹೊದಿಯೋಕೆ ಮಾತ್ರ ಕೌದಿಯೇ ಸರಿ.

ಅಜ್ಜಿಗೆ ಈಗ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ. ಅರ್ಧ ಹೊಲಿದ ಕೌದಿ ಅಟ್ಟದ ಮೇಲಿದೆ. ದಸರಾ ರಜೆಗೆ ನಾವು ಮೂವರು ಹೋಗ್ತಿದ್ದೇವೆ. ದಾರ ಪೋಣಿಸೋ ಕೆಲಸ ನಮ್ಮದು.