ಸಹಾಯಾರ್ಥ ಕೂಪನ್: ಮನೆ ಒಬ್ಬರಿಗೆ, ಲೆಕ್ಕ ಯಾರಿಗೆ?

ಅಡಿಕೆ ಮಾರಿದ ದುಡ್ಡು ಕೈಗೆ ಬರುವ ದಿನಗಳಿಗೂ ಕೂಪನ್ ಪುಸ್ತಕಗಳು ಊರೊಳಗೆ ಬರುವ ದಿನಗಳಿಗೂ ಏನೋ ಒಂದು ನಂಟು ಉಂಟು. ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಯಾವ ಪೇಟೆಗೆ ಹೋದರೂ ಒಂದಲ್ಲ ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಅಂಥ ಪುಸ್ತಕ ಕಾಣುತ್ತದೆ. ಹಿಂದೆ ಅದರ ಮೇಲೆ ಮಿಕ್ಸಿಯ, ಗೋಡೆ ಗಡಿಯಾರದ ಚಿತ್ರ ಇರುತ್ತಿತ್ತು. ಆಮೇಲೆ ಬೈಕು ಬಂತು, ಕಾರು ಬಂತು. ಈಗ ಎರಡು ಮಹಡಿಯ ಮನೆಯ ಚಿತ್ರವೇ ಬಂದಿದೆ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ "ಬಡ ರೋಗಿಗಳ ಚಿಕಿತ್ಸೆಯ ಸಹಾಯಾರ್ಥ" ಎಂಬ ಒಂದು ಸಾಲು. ಮನೆಯ ಆಸೆಯೂ ಆಯಿತು, ಪುಣ್ಯವೂ ಆಯಿತು ಎಂದು ನಮ್ಮವರು ಕಿಸೆಗೆ ಕೈ ಹಾಕುತ್ತಾರೆ.

ತೋಟವನ್ನೂ ಅಂಗಡಿಯನ್ನೂ ಒಟ್ಟಿಗೆ ನೋಡಿಕೊಳ್ಳುವವನಾದ್ದರಿಂದ ನನ್ನಲ್ಲಿಗೂ ಈ ಪುಸ್ತಕಗಳು ಬರುತ್ತವೆ. ತೆಗೆದುಕೊಳ್ಳಬಹುದಾ ಮಾರಾಯ್ರೇ ಎಂದು ಗಿರಾಕಿಗಳು ಕೇಳುವುದೂ ಉಂಟು. ನನ್ನ ಉತ್ತರ ಒಂದೇ. ಮನೆ ಬೇಕೆಂದು ತೆಗೆಯುವುದಾದರೆ ಬೇಡ. ರೋಗಿಗೆ ಸಹಾಯವಾಗಲಿ ಎಂದು ತೆಗೆಯುವುದಾದರೆ ಖಂಡಿತ ಬೇಡ, ಆ ದುಡ್ಡನ್ನು ನೇರ ರೋಗಿಯ ಕೈಗೇ ಕೊಡಿ. ಇದು ಜಿಪುಣತನದ ಮಾತಲ್ಲ. ಕಾಗದ ಪೆನ್ಸಿಲು ಹಿಡಿದು ಕೂತರೆ ಯಾರಿಗೂ ಹೊಳೆಯುವ ಮಾತು.

ಲೆಕ್ಕ ಹಾಕಿ ನೋಡೋಣ. ಮನೆ ಮತ್ತು ಜಾಗದ ಬೆಲೆ 60 ಲಕ್ಷ ಎಂದಿಟ್ಟುಕೊಳ್ಳಿ, ಕೂಪನಿಗೆ 1000 ರೂಪಾಯಿ. ಹತ್ತು ಸಾವಿರ ಕೂಪನ್ ಖರ್ಚಾದರೆ ಒಂದು ಕೋಟಿ ಬಂತು. ಮನೆಯ 60 ಲಕ್ಷ ಹೋದರೆ ಉಳಿದದ್ದು 40. ಅದರಿಂದ ಪುಸ್ತಕ ಮಾರಿದವರ ಕಮಿಷನ್, ಅಚ್ಚಿನ ಖರ್ಚು, ಬ್ಯಾನರು, ಮೈಕು, ವೇದಿಕೆ, ಬಂದ ಅತಿಥಿಗಳ ಊಟ ಎಲ್ಲ ಕಳೆಯಬೇಕು. ನೂರಕ್ಕೆ ಹತ್ತರಂತೆ ಕಮಿಷನ್ ಹಿಡಿದರೂ ಹತ್ತು ಲಕ್ಷ ಅಲ್ಲಿಗೇ ಮುಗಿಯಿತು. ಎಲ್ಲ ನಿಯತ್ತಿನಿಂದ ನಡೆದರೂ ನಿಮ್ಮ ಸಾವಿರದಲ್ಲಿ ರೋಗಿಯ ಮಂಚದವರೆಗೆ ತಲಪುವುದು 300 ರೂಪಾಯಿಗಿಂತ ಕಡಿಮೆ. ಇದು ಎಲ್ಲಾ ಕೂಪನ್ ಮಾರಾಟವಾದರೆ ಬರುವ ಲೆಕ್ಕ. ಐದು ಸಾವಿರವೇ ಹೋದರೆ ಏನು? ಬಂದದ್ದು 50 ಲಕ್ಷ, ಮನೆಗೇ ಸಾಲದು. ಆಗ "ಅನಿವಾರ್ಯ ಕಾರಣಗಳಿಂದ ಡ್ರಾ ಮುಂದೂಡಲಾಗಿದೆ" ಎಂಬ ಚೀಟಿ ಅಂಗಡಿಯ ಬಾಗಿಲಿಗೆ ಅಂಟುತ್ತದೆ. ಅಂಥ ಚೀಟಿಯನ್ನು ನೋಡದ ಪೇಟೆ ನಮ್ಮ ಕಡೆ ಇದ್ದರೆ ಹೇಳಿ.

ಗೆದ್ದವನ ಕಥೆ ಕೇಳಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದಕ್ಕೆ ಅಭ್ಯಾಸವಾದ ನಮ್ಮ ಕೃಷಿಕರಿಗೆ ಇಲ್ಲಿ ಪೆಟ್ಟು ಬೀಳುತ್ತದೆ. ಲಾಟರಿಯಲ್ಲಿ ಗೆದ್ದದ್ದಕ್ಕೆ ಆದಾಯ ತೆರಿಗೆ ನೂರಕ್ಕೆ ಮೂವತ್ತು, ಅದರ ಮೇಲೆ ಸೆಸ್. ಬೇರೆ ಆದಾಯಕ್ಕೆ ಇರುವ ವಿನಾಯಿತಿಯ ಮಿತಿ ಇದಕ್ಕಿಲ್ಲ. ಕೂಪನಿಗೆ ಖರ್ಚು ಮಾಡಿದ್ದನ್ನು ಕಳೆಯಲಿಕ್ಕೂ ಬಿಡುವುದಿಲ್ಲ. ಬಹುಮಾನ ರೊಕ್ಕದ ರೂಪದಲ್ಲಿದ್ದರೆ ಅದರಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮನೆಯಲ್ಲಿ ಹಿಡಿಯುವುದು ಎಂತದನ್ನು, ಅಡಿಗೆಕೋಣೆಯನ್ನಾ? ವಸ್ತುರೂಪದ ಬಹುಮಾನವಾದರೆ ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೆಯೇ ಅದನ್ನು ಬಿಟ್ಟುಕೊಡಬೇಕು ಎಂದು ಕಾನೂನು ಹೇಳುತ್ತದೆ. ಅಂದರೆ 60 ಲಕ್ಷದ ಮನೆಗೆ ಸೆಸ್ ಬಿಟ್ಟು 18 ಲಕ್ಷ ಮೊದಲೇ ಹೊಂದಿಸಬೇಕು. ಮತ್ತೆ ನೋಂದಣಿ. ಕೇರಳದಲ್ಲಿ ಸ್ಟಾಂಪ್ ಶುಲ್ಕ 8, ನೋಂದಣಿ ಶುಲ್ಕ 2, ಒಟ್ಟು ನೂರಕ್ಕೆ ಹತ್ತು. ಸಾವಿರ ರೂಪಾಯಿಗೆ ಮನೆ ಎಂದು ಹೊರಟವನು ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಸಾಲ ಎತ್ತಬೇಕು, ಇಲ್ಲವೇ ಬೀಗದ ಕೈ ಸಿಕ್ಕುವ ಮೊದಲೇ ಮನೆ ಮಾರಲು ಗಿರಾಕಿ ಹುಡುಕಬೇಕು.

ಇಷ್ಟು ಹೇಳಿದ ಮೇಲೆ ಮೂಲದ ಮಾತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಖಾಸಗಿಯವರು ಇಂಥ ಡ್ರಾ ನಡೆಸುವ ಹಾಗೆಯೇ ಇಲ್ಲ. 1998ರ ಲಾಟರಿ ನಿಯಂತ್ರಣ ಕಾಯಿದೆಯ ಪ್ರಕಾರ ಲಾಟರಿ ನಡೆಸುವುದು ರಾಜ್ಯ ಸರಕಾರಗಳ ಕೆಲಸ. ಸರಕಾರದ್ದಲ್ಲದ, ಸರಕಾರದ ಅನುಮತಿ ಇಲ್ಲದ ಲಾಟರಿಗೆ ಕಚೇರಿ ಇಟ್ಟುಕೊಂಡರೆ ಆರು ತಿಂಗಳವರೆಗೆ ಸಜೆ, ಪ್ರಚಾರ ಮಾಡಿದರೆ ಐದು ಸಾವಿರದವರೆಗೆ ದಂಡ. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿ ಇದ್ದದ್ದು 2024ರ ಜುಲೈಯಿಂದ ನ್ಯಾಯ ಸಂಹಿತೆಯ 297ನೇ ಕಲಮಾಗಿ ಉಂಟು. ಪುಣ್ಯಕಾರ್ಯಕ್ಕೆ ಎಂದು ಬರೆದರೆ ರಿಯಾಯಿತಿ ಏನೂ ಇಲ್ಲ. 2022ರಲ್ಲಿ ತಿರುವನಂತಪುರದ ದಂಪತಿಗಳು ಸಾಲ ತೀರಿಸಲಿಕ್ಕೆಂದು ತಮ್ಮ ಮನೆಯನ್ನೇ ಬಹುಮಾನವಾಗಿಟ್ಟು 2000 ರೂಪಾಯಿಯ ಕೂಪನ್ ಮಾಡಿದ್ದರು. ಪಾಪ, ಅವರ ಕಷ್ಟ ನಿಜವೇ ಇದ್ದಿರಬಹುದು. ಆದರೆ ಲಾಟರಿ ಇಲಾಖೆ ಇದು ಕಾನೂನಿಗೆ ವಿರುದ್ಧ ಎಂದೇ ಹೇಳಿತು. ಡ್ರಾ ನಡೆಯಲಿಲ್ಲ, ದುಡ್ಡು ಕೊಡಿ ಎಂದು ಕೋರ್ಟಿಗೆ ಹೋದರೂ ಕಷ್ಟ. ಜೂಜಿನ ಕರಾರಿಗೆ ಬೆಲೆ ಇಲ್ಲ ಎಂದು 1872ರ ಕರಾರು ಕಾಯಿದೆಯೇ ಹೇಳಿ ಬಿಟ್ಟಿದೆ. ಪುಸ್ತಕ ಇಟ್ಟುಕೊಂಡ ಅಂಗಡಿಯವರು ಇದನ್ನು ಸ್ವಲ್ಪ ಗಮನಿಸಬೇಕು. ಕೂಪನ್ ಕೊಟ್ಟ ಸಮಿತಿಯವರು ನಾಳೆ ಸಿಗಲಿಕ್ಕಿಲ್ಲ, ಗಿರಾಕಿಗೆ ಸಿಗುವ ಮುಖ ನಮ್ಮದೇ.

ಇದಕ್ಕೆ ಎದುರಾಗಿ ನನ್ನ ಅಕ್ಕನ ಮಗಳು ಒಂದು ವಾದ ಹೂಡಿದಳು. ಬ್ರಿಟನ್ನಿನಲ್ಲಿ ನರ್ಸ್ ಆಗಿರುವವಳು. "ಮಾವಾ, ಇಲ್ಲಿ ಇದು ರಾಜಾರೋಷವಾಗಿ ನಡೀತದೆ. ನಾನೂ ಹತ್ತು ಪೌಂಡ್ ಹಾಕಿದ್ದೇನೆ" ಎಂದಳು. ಅವಳ ಮಾತು ಸುಳ್ಳಲ್ಲ. ಓಮೇಜ್ ಎಂಬ ಕಂಪೆನಿ 2020ರಿಂದ ಅಲ್ಲಿ ಮನೆಗಳನ್ನು ಬಹುಮಾನವಾಗಿಟ್ಟು ಡ್ರಾ ನಡೆಸುತ್ತಿದೆ. ಕಡಲ ಬದಿಯ, ಗುಡ್ಡದ ಬದಿಯ ಹತ್ತಾರು ಲಕ್ಷ ಪೌಂಡಿನ ಮನೆಗಳು. ಒಂದೊಂದು ಡ್ರಾಕ್ಕೂ ಒಂದು ಧರ್ಮಸಂಸ್ಥೆಯ ಹೆಸರು, ಆ ಸಂಸ್ಥೆಗೆ ಕನಿಷ್ಠ ಹತ್ತು ಲಕ್ಷ ಪೌಂಡ್ ಖಾತ್ರಿ. ನೋಂದಣಿ ಖರ್ಚು, ಸ್ಟಾಂಪ್ ಶುಲ್ಕ ಎಲ್ಲ ಕಂಪೆನಿಯದ್ದೇ. ಗೆದ್ದದ್ದಕ್ಕೆ ಅಲ್ಲಿ ಆದಾಯ ತೆರಿಗೆಯೂ ಇಲ್ಲ. ನಮ್ಮ ಕೂಪನ್ ಸಮಿತಿಗಳ ಎದುರು ನೋಡಿದರೆ ಇದು ಎಷ್ಟೋ ಮೇಲು ಎಂಬುದನ್ನು ಒಪ್ಪಲೇಬೇಕು.

ಆದರೂ ಅದರೊಳಗಿನ ಹೂರಣ ತಿಳಿದಿರಲಿ. ಬ್ರಿಟನ್ನಿನ 2005ರ ಜೂಜು ಕಾಯಿದೆಯಂತೆ ಧರ್ಮಸಂಸ್ಥೆಗಳ ಲಾಟರಿಯಲ್ಲಿ ಬಂದದ್ದರ ನೂರಕ್ಕೆ ಇಪ್ಪತ್ತಾದರೂ ಸತ್ಕಾರ್ಯಕ್ಕೆ ಹೋಗಲೇಬೇಕು, ಬಹುಮಾನದ ಗಾತ್ರಕ್ಕೂ ಮಿತಿ ಉಂಟು. ಮನೆಯ ಡ್ರಾಗಳು ಆ ಲೆಕ್ಕದಲ್ಲಿ ಲಾಟರಿಯೇ ಅಲ್ಲ. ಏಕೆಂದರೆ ಒಂದು ಕಾಗದ ಬರೆದು ಅಂಚೆಗೆ ಹಾಕಿದರೆ ದುಡ್ಡಿಲ್ಲದೆಯೂ ಸೇರಬಹುದು. ಆ ಒಂದು ಅಂಚೆಯ ದಾರಿ ಇಟ್ಟದ್ದರಿಂದ ಬಹುಮಾನದ ಮಿತಿಯೂ ಇಲ್ಲ, ಇಪ್ಪತ್ತರ ಕಟ್ಟುಪಾಡೂ ಇಲ್ಲ. "ಹಾಗಾದರೆ ನಿನಗೆ ಮನೆಯ ಆಸೆ ಇದ್ದರೆ ಅಂಚೆಚೀಟಿ ಹಚ್ಚು, ಆ ಸಂಸ್ಥೆಯ ಮೇಲೆ ಪ್ರೀತಿ ಇದ್ದರೆ ಹತ್ತು ಪೌಂಡನ್ನು ಅದಕ್ಕೇ ಕಳಿಸು" ಎಂದೆ. ನಕ್ಕಳು. ಅಂಥ ಮನೆ ಗೆದ್ದವರಲ್ಲಿ ಅದನ್ನು ಮಾರಿದವರೂ ಇದ್ದಾರೆ. ಅಷ್ಟು ದೊಡ್ಡ ಮನೆಯ ಚಳಿ ಕಾಯಿಸುವ ಖರ್ಚು, ಹುಲ್ಲು ಕತ್ತರಿಸುವ ಖರ್ಚು ಸಾಮಾನ್ಯ ಸಂಬಳದವರಿಗೆ ಪೂರೈಸಬೇಕಲ್ಲ.

ಇನ್ನು ನಮ್ಮ ಸರಕಾರದ ಲಾಟರಿ. ತಮಿಳುನಾಡು 2003ರಲ್ಲಿ, ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದವು. ಹಾಗಾಗಿ ಹೊಸೂರು, ತಾಳವಾಡಿಯವರಿಗೆ ಇದು ಹಳೆಯ ನೆನಪು. ಕಾಸರಗೋಡು, ವಯನಾಡಿನವರಿಗೆ ದಿನಾ ಮಧ್ಯಾಹ್ನ ಮೂರು ಗಂಟೆಯ ಸಂಗತಿ. ಕೇರಳದ ಲಾಟರಿ 1967ರಲ್ಲಿ ಶುರುವಾಯಿತು. ಮೊದಲ ಡ್ರಾ 1968ರ ಜನವರಿ 26ರಂದು, ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ. ಪುಣ್ಯದ ಹೆಸರು ಸೇರಿದ್ದು 2011ರಲ್ಲಿ, ಕೆ.ಎಂ. ಮಾಣಿಯವರು ಹಣಕಾಸು ಸಚಿವರಾಗಿದ್ದಾಗ. ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಕಾಯಿಲೆಯ ಬಡವರ ಚಿಕಿತ್ಸೆಗೆಂದು ಕಾರುಣ್ಯ ನಿಧಿ, ಅದಕ್ಕಾಗಿ ಕಾರುಣ್ಯ ಲಾಟರಿ. ಆ ನಿಧಿಯಿಂದ ಬದುಕಿದವರು ನಮ್ಮ ನಡುವೆ ಇದ್ದಾರೆ, ಅದನ್ನು ಹಗುರವಾಗಿ ಆಡಬಾರದು. ಇಲ್ಲಿ ಸರಕಾರದ ಲೆಕ್ಕಪತ್ರ ಉಂಟು, ಡ್ರಾ ಎಲ್ಲರೆದುರು ನಡೆಯುತ್ತದೆ, ಗೆದ್ದವರಿಗೆ ದುಡ್ಡು ಸಿಗುತ್ತದೆ. ಕೂಪನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು.

ಗೆಲ್ಲುವ ಲೆಕ್ಕ ಮಾತ್ರ ಇಲ್ಲಿಯೂ ಮುಖ ಒಣಗಿಸುವಂಥದ್ದೇ. ಕಾರುಣ್ಯಕ್ಕೆ ಹನ್ನೆರಡು ಸರಣಿ, ಸರಣಿಗೆ ಒಂಬತ್ತು ಲಕ್ಷ ನಂಬರು, ಒಟ್ಟು 1 ಕೋಟಿ 8 ಲಕ್ಷ. 2025ರಿಂದ ಟಿಕೆಟಿಗೆ 50 ರೂಪಾಯಿ, ಮೊದಲ ಬಹುಮಾನ ಒಂದು ಕೋಟಿ. ಶನಿವಾರ ತಪ್ಪದೆ ಐವತ್ತು ವರ್ಷ ಒಂದೊಂದು ಟಿಕೆಟ್ ತೆಗೆದರೆ 2600 ಟಿಕೆಟು, ಖರ್ಚು 1 ಲಕ್ಷ 30 ಸಾವಿರ. ಅಷ್ಟು ಮಾಡಿದರೂ ಮೊದಲ ಬಹುಮಾನ ಬರುವ ಸಂಭವ ಸುಮಾರು ನಾಲ್ಕು ಸಾವಿರಕ್ಕೆ ಒಂದು. ಕೊಳೆರೋಗಕ್ಕೆ ಮದ್ದು ಬಿಡದೆ ಮಳೆ ನಿಂತೀತೆಂದು ಕೂತವನಿಗೂ ಇದಕ್ಕಿಂತ ಹೆಚ್ಚು ಭರವಸೆ ಉಂಟು! ಅದರ ಮೇಲೆ 2025ರ ಸೆಪ್ಟೆಂಬರಿನಿಂದ ಲಾಟರಿಯ ಜಿಎಸ್‌ಟಿ 28ರಿಂದ 40ಕ್ಕೆ ಏರಿತು. ಟಿಕೆಟಿನ ಬೆಲೆ ಏರಿಸಲಿಲ್ಲ, ನಿಜ. ಹಾಗೆಂದರೆ ಬಹುಮಾನ, ಕಮಿಷನ್, ನಿಧಿ ಇವುಗಳ ಪಾಲಿನಿಂದಲೇ ಅದು ಹೋಗಬೇಕು.

ಗಡಿಯವರ ಅದೃಷ್ಟದ ಮಾತೂ ಬರುತ್ತದೆ. 2023ರ ಓಣಂ ಬಂಪರಿನ 25 ಕೋಟಿ ತಮಿಳುನಾಡಿನ ತಿರುಪ್ಪೂರಿನ ನಾಲ್ವರಿಗೆ, ವಾಳಯಾರಿನಲ್ಲಿ ತೆಗೆದ ಟಿಕೆಟಿಗೆ. 2024ರದ್ದು ನಮ್ಮ ಮಂಡ್ಯದ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ, ಸುಲ್ತಾನ್ ಬತ್ತೇರಿಯಲ್ಲಿ ಮಾರಾಟವಾದ ಟಿಕೆಟಿಗೆ. ಅದನ್ನು ಕೇಳಿ ಗಡಿ ದಾಟಿ ಟಿಕೆಟಿಗೆ ಬಂದವರು ಎಷ್ಟೋ. ಆ ವರ್ಷ ಮಾರಾಟವಾದದ್ದು 71 ಲಕ್ಷಕ್ಕೂ ಹೆಚ್ಚು ಟಿಕೆಟ್, ಒಂದಕ್ಕೆ 500 ರೂಪಾಯಿ. ಒಬ್ಬರ ಹೆಸರು ಪೇಪರಿನಲ್ಲಿ ಬಂತು, ಉಳಿದ 71 ಲಕ್ಷದ ಸುದ್ದಿಯನ್ನು ಯಾರು ಬರೆಯುತ್ತಾರೆ? 25 ಕೋಟಿ ಎಂದರೂ ಏಜೆಂಟರ ಹತ್ತು ಶೇಕಡಾ ಹೋಗಿ, ತೆರಿಗೆಯ ಮೂವತ್ತು ಹೋಗಿ 15 ಕೋಟಿ 75 ಲಕ್ಷ. ಮತ್ತೆ ಸರ್‌ಚಾರ್ಜು, ಸೆಸ್ಸು ಬೇರೆ. 2022ರಲ್ಲಿ ಗೆದ್ದ ತಿರುವನಂತಪುರದ ರಿಕ್ಷಾ ಚಾಲಕರಂತೂ ಸಾಲ ಕೇಳಲು ಮನೆ ಮುತ್ತುವವರ ಕಾಟ ತಾಳದೆ, ಇಷ್ಟು ದೊಡ್ಡದು ಬರಬಾರದಿತ್ತು ಎಂದು ಬಾಯಿ ಬಿಟ್ಟು ಹೇಳಿದರು.

ಹಾಗಾದರೆ ಲಾಟರಿಯ ಮುಖವನ್ನೇ ನೋಡಬಾರದೆ ಎಂದರೆ, ನಾನು ಅಷ್ಟು ದೊಡ್ಡ ಸಾಧು ಅಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಹಿಡಿದು ನಡೆಯುವ ಮುದುಕರು, ಕಣ್ಣು ಕಾಣದವರು, ಕಾಲು ಬಾರದವರು ಇದ್ದಾರೆ. ಅವರು ಭಿಕ್ಷೆ ಕೇಳುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾರೆ. ವಾರಕ್ಕೊಂದು ಟಿಕೆಟ್ ತೆಗೆದರೆ ಯಾರ ಮನೆಯೂ ಮುರಿಯುವುದಿಲ್ಲ. ಚಹಾದ ಖರ್ಚು ಎಂದು ಬರೆದುಕೊಂಡರಾಯಿತು. ಕೂಲಿಯ ಅರ್ಧ ದುಡ್ಡನ್ನು ದಿನಾ ಟಿಕೆಟಿಗೆ ಹಾಕಿ ಮನೆಗೆ ಬರಿಗೈಯಲ್ಲಿ ಹೋಗುವವರಿದ್ದಾರಲ್ಲ, ಅವರನ್ನು ಕಂಡಾಗ ಮಾತ್ರ "ಬಡವರ ಚಿಕಿತ್ಸೆಗೆ" ಎಂಬ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಡವರ ಔಷಧಿಗೆ ಬಡವರಿಂದಲೇ ವಸೂಲಿ. ಮೊಬೈಲಿನಲ್ಲಿ ಕೇರಳ ಲಾಟರಿ ಮಾರುತ್ತೇವೆ ಎಂದು ಬರುವ ಸಂದೇಶಗಳನ್ನಂತೂ ತೆರೆಯಲೇಬೇಡಿ. ಇಲಾಖೆ ಮಾರುವುದು ಕಾಗದದ ಟಿಕೆಟ್ ಮಾತ್ರ.

ಚಿಕಿತ್ಸೆಗೆ ಸಹಾಯ ಮಾಡುವ ಮನಸ್ಸು ನಮ್ಮವರಿಗೆ ಧಾರಾಳ ಇದೆ, ಅಗತ್ಯವೂ ಇದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ, ಎಂಬಿಬಿಎಸ್ ತರಗತಿಗೆ ಅನುಮತಿ ಬಂದದ್ದು 2025ರಲ್ಲಿ. ಅಷ್ಟು ವರ್ಷ ನಾವು ಮಂಗಳೂರಿಗೇ ಓಡಿದವರು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಏನಾಯಿತೆಂದು ಮರೆಯುವುದು ಹೇಗೆ? ಹಾಗಾಗಿ ಯಾರಾದರೂ ರೋಗಿಯ ಹೆಸರಲ್ಲಿ ಬಂದರೆ ಬರಿಗೈಯಲ್ಲಿ ಕಳಿಸಬೇಕೆಂದು ನಾನು ಹೇಳುವುದಿಲ್ಲ. ಆಸ್ಪತ್ರೆ ಯಾವುದು, ವಾರ್ಡು ಯಾವುದು, ಬಾಕಿ ಬಿಲ್ಲು ಎಷ್ಟು ಎಂದು ಕೇಳಿ. ಸಾಧ್ಯವಾದರೆ ಆಸ್ಪತ್ರೆಯ ಕೌಂಟರಿನಲ್ಲೇ ಕಟ್ಟಿ ರಶೀದಿ ತನ್ನಿ. ಕಳೆದ ಮಳೆಗಾಲದಲ್ಲಿ ನಮ್ಮ ಪೇಟೆಯ ಹನ್ನೊಂದು ಅಂಗಡಿಯವರು ಸೇರಿ ಒಬ್ಬ ಹುಡುಗನ ಶಸ್ತ್ರಚಿಕಿತ್ಸೆಗೆ ಹೀಗೆ ಒಟ್ಟು ಮಾಡಿದೆವು. ಕೊಟ್ಟವರ ಹೆಸರು, ಮೊತ್ತ, ಆಸ್ಪತ್ರೆಯ ರಶೀದಿಯ ಪ್ರತಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿದೆವು. ಮೈಕು, ವೇದಿಕೆ, ಅತಿಥಿ ಯಾವುದೂ ಇರಲಿಲ್ಲ. ಕೊಟ್ಟ ಸಾವಿರದಲ್ಲಿ ಸಾವಿರವೂ ತಲಪಿತು.

ಓಣಂ ಬಂಪರನ್ನು ನಾನೂ ತೆಗೆಯುವುದುಂಟು, ನಾಲ್ವರು ಸೇರಿ, ತಲಾ 125. ಹಾಗೆ ಪಾಲಿಗೆ ತೆಗೆಯುವವರಿಗೆ ಒಂದು ಮಾತು. ಟಿಕೆಟಿನ ನಂಬರು, ನಾಲ್ವರ ಹೆಸರು, ಪಾಲು ಎಷ್ಟೆಷ್ಟು ಎಂಬುದನ್ನು ಡ್ರಾಕ್ಕೆ ಮೊದಲೇ ಬಿಳಿ ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಟಿಕೆಟಿನ ಎರಡೂ ಬದಿಯ ಫೋಟೋ ಎಲ್ಲರ ಮೊಬೈಲಿನಲ್ಲೂ ಇರಲಿ. ಬಹುಮಾನ ಬಂದರೆ ನಿಗದಿತ ಅವಧಿಯೊಳಗೆ ಟಿಕೆಟ್ ಒಪ್ಪಿಸಬೇಕು. ಸಣ್ಣ ಮೊತ್ತವಾದರೆ ಲಾಟರಿ ಅಂಗಡಿಯಲ್ಲೇ ಕೊಡುತ್ತಾರೆ. ನಮ್ಮ ನಾಲ್ವರ ಕಾಗದ ನನ್ನ ಅಂಗಡಿಯ ಮೇಜಿನ ಖಾನೆಯಲ್ಲಿ ಇರುತ್ತದೆ. ಈವರೆಗೆ ಅದನ್ನು ತೆಗೆದು ನೋಡುವ ಪ್ರಮೇಯ ಬಂದಿಲ್ಲ.