ಎರಡು ಕಡೆ ಕಂತು ಕಟ್ಟುತ್ತೇವೆ, ಒಂದು ಕಡೆ ಮಾತ್ರ ಕ್ಲೇಮು ಕೇಳುತ್ತೇವೆ

ಮೊನ್ನೆ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಸಂಬಂಧದಲ್ಲಿ ನನಗೆ ಮಾಮ ಆಗಬೇಕಾದ ಹಿರಿಯರೊಬ್ಬರು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಇಪ್ಪತ್ತೈದು ವರ್ಷ ದುಬೈಯಲ್ಲಿ ದುಡಿದು ಬಂದವರು ಅವರು. ನಾನು ಮಾಡಿದ ತಪ್ಪೆಂದರೆ, ನಮ್ಮ ಊರಿನ ಸರಕಾರಿ ಆರೋಗ್ಯ ಕೇಂದ್ರಕ್ಕೆ ಸಂಜೆಯೂ ಡಾಕ್ಟರು ಬೇಕೆಂಬ ಮನವಿಗೆ ಸಹಿ ಕೇಳಿದ್ದು.

"ಮೋನೇ, ಒಂದು ಐದು ಲಕ್ಷದ ಪಾಲಿಸಿ ಮಾಡಿಟ್ಟುಕೋ. ಈ ಸಹಿ-ಗಿಹಿ ಎಲ್ಲ ಇಲ್ಲದವರಿಗೆ. ನಮಗೆ ಮಂಗಳೂರು ಇಲ್ಲವಾ?" ಎಂದರು. ಸುತ್ತ ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ಮದುವೆ ಮನೆಯಲ್ಲಿ ಜಗಳ ಬೇಡವೆಂದು ಬಿರಿಯಾನಿ ತಿಂದು ಎದ್ದು ಬಂದೆ. ಅಲ್ಲಿ ಹೇಳದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಾಲಿಸಿಯ ವಿರೋಧಿಯಲ್ಲ. ನನಗೂ ಹೆಂಡತಿ ಮಕ್ಕಳಿಗೂ ಒಂದು ಉಂಟು, ಪ್ರತಿ ವರ್ಷ ತಪ್ಪದೆ ಕಂತು ಕಟ್ಟುತ್ತೇನೆ. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಪುಣ್ಯದ ಕೆಲಸ ಎಂದು ಹೇಳುವವನೂ ನಾನಲ್ಲ. ಆ ಸಾಲಿನಲ್ಲಿ ನಾನು ನಿಂತಿದ್ದೇನೆ. ಎರಡರ ರುಚಿಯೂ ಗೊತ್ತಿರುವುದರಿಂದಲೇ ಮಾತನಾಡುತ್ತಿದ್ದೇನೆ.

ಸಾಲಿನ ಕತೆ ಮೊದಲು. ಉಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಮೂರು ವಾರ ಕಾದೆವು. ಆಪರೇಷನ್ನಿನ ದಿನ ಎರಡು ಸಲ ಮುಂದೆ ಹೋಯಿತು. ಒಟ್ಟು ನಾಲ್ಕು ತಿಂಗಳು. ಅದರ ನಡುವೆ ಎಷ್ಟೋ ರಾತ್ರಿ ಉಮ್ಮ ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ ಕೂತಿದ್ದರು. ಕಡೆಗೆ ಒಬ್ಬ ಹುಡುಗ ಡಾಕ್ಟರು ಆಪರೇಷನ್ ಮಾಡಿದರು, ಚೆನ್ನಾಗಿಯೇ ಮಾಡಿದರು. ಹೊರಗಿನ ಔಷಧಿ, ಕಾರಿನ ಬಾಡಿಗೆ ಎಲ್ಲ ಸೇರಿ ನಮಗೆ ತಗಲಿದ್ದು ಒಂಬತ್ತು ಸಾವಿರ ಚಿಲ್ಲರೆ. ಆದರೆ ಉಪ್ಪ ಅಂಗಡಿ ಮುಚ್ಚಿದ ದಿನಗಳನ್ನು, ನನ್ನ ರಜೆಯನ್ನು, ಉಮ್ಮನ ಆ ರಾತ್ರಿಗಳನ್ನು ಯಾವ ರಸೀದಿಯೂ ಬರೆಯುವುದಿಲ್ಲ. ಕಾಯುವುದು ಧರ್ಮಕ್ಕೆ ಸಿಗುವುದಲ್ಲ, ಅದಕ್ಕೂ ಬೆಲೆ ಉಂಟು.

ಇನ್ನು ಪಾಲಿಸಿಯ ಕತೆ. ಎರಡು ವರ್ಷದ ಬಳಿಕ ಒಂದು ರಾತ್ರಿ ಉಪ್ಪರಿಗೆ ಎದೆನೋವು. ಕಾಯುವ ಪ್ರಶ್ನೆಯೇ ಇರಲಿಲ್ಲ, ಸೀದಾ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಓಡಿದೆವು. ಆಂಜಿಯೋಪ್ಲಾಸ್ಟಿ ಮಾಡಿದರು, ಜೀವ ಉಳಿಯಿತು. ಅವರಿಗೆ ನಾವು ಋಣಿ. ಮೂರು ವರ್ಷದಿಂದ ಕಂತು ಕಟ್ಟಿದ ಪಾಲಿಸಿ ಇದೆಯೆಂಬ ಧೈರ್ಯದಲ್ಲಿ ನಾನು ಕೌಂಟರಿನ ಮುಂದೆ ಕೂತಿದ್ದೆ. ಕಂಪನಿಯಿಂದ ಬಂದ ಉತ್ತರ: ಕ್ಲೇಮು ತಿರಸ್ಕೃತ. ಕಾರಣ, ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟದ್ದು.

ಮುಚ್ಚಿಟ್ಟದ್ದು ನಿಜ. "ಸಕ್ಕರೆ ಈಗ ಯಾರಿಗಿಲ್ಲ ಮಾರಾಯ್ರೇ, ಬರೆದರೆ ಪ್ರೀಮಿಯಂ ಏರುತ್ತದೆ" ಎಂದು ಏಜೆಂಟ್ ಹೇಳಿದ್ದ. ಕಾಗದ ಇಂಗ್ಲಿಷಿನಲ್ಲಿತ್ತು. ಉಪ್ಪ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವರು, ತೋರಿಸಿದಲ್ಲಿ ಸಹಿ ಹಾಕಿದರು. ನಾನು ಡಿಪ್ಲೊಮಾ ಓದಿದವನು, ಪಕ್ಕದಲ್ಲೇ ಕೂತಿದ್ದೆ, ಬಾಯಿ ಮುಚ್ಚಿಕೊಂಡಿದ್ದೆ. ಆ ರಾತ್ರಿ ಕ್ಯಾಶುವಾಲಿಟಿಯ ಡಾಕ್ಟರು ಕೇಳಿದಾಗ "ಹನ್ನೊಂದು ವರ್ಷದಿಂದ ಸಕ್ಕರೆ ಉಂಟು" ಎಂದು ಹೇಳಿದವನೂ ನಾನೇ. ಅದು ಡಿಸ್ಚಾರ್ಜ್ ಕಾಗದದಲ್ಲಿ ಅಚ್ಚಾಯಿತು, ಕಂಪನಿ ಅದನ್ನೇ ಹಿಡಿಯಿತು. ಬಿಲ್ಲು 2,68,000 ರೂಪಾಯಿ. ಉಮ್ಮನ ಬಳೆಗಳು ಅಡವಿಗೆ ಹೋದವು. ನಮ್ಮ ಕಡೆಯೇ ಸುಳ್ಳಿದ್ದ ಕಾರಣ ಹೋರಾಡಲು ಮುಖವಿರಲಿಲ್ಲ.

ಈಗ ಹೃದಯದ ಕಾಯಿಲೆಯೂ ಇರುವ ಉಪ್ಪರಿಗೆ ಹೊಸ ಪಾಲಿಸಿ ಕೊಡಲು ಯಾವ ಕಂಪನಿಯೂ ಮುಂದೆ ಬರುತ್ತಿಲ್ಲ. ಅವರ ಸಕ್ಕರೆಯ ಮಾತ್ರೆ, ಬಿಪಿಯ ಮಾತ್ರೆ ಬರುತ್ತಿರುವುದು ಎಲ್ಲಿಂದ ಗೊತ್ತೇ? ಮಾಮ ಬೇಡವೆಂದ ಅದೇ ಸರಕಾರಿ ಕೇಂದ್ರದಿಂದ. ಇದನ್ನು ಗಮನಿಸಿ. ಸಾಮಾನ್ಯ ಪಾಲಿಸಿಗಳು ನೀವು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಹಣ ಕೊಡುತ್ತವೆ, ಮಲಗದಂತೆ ನೋಡಿಕೊಳ್ಳುವ ದಿನನಿತ್ಯದ ಮಾತ್ರೆಗೆ ಹೆಚ್ಚಿನವು ಕೊಡುವುದಿಲ್ಲ. ಕಾರ್ಖಾನೆಯ ಭಾಷೆಯಲ್ಲಿ ಹೇಳಬೇಕೆಂದರೆ, ಅವರು ಬ್ರೇಕ್‌ಡೌನಿಗೆ ಮಾತ್ರ ಬರುವವರು. ಎಣ್ಣೆ ಹಾಕುವ ಕೆಲಸ ಅವರದ್ದಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಾವೆಲ್ಲ ಎರಡು ಕಡೆ ಕಂತು ಕಟ್ಟುತ್ತಿದ್ದೇವೆ. ಒಂದು ಕಂಪನಿಗೆ, ವರ್ಷಕ್ಕೊಮ್ಮೆ, ಗೊತ್ತಿದ್ದು. ಇನ್ನೊಂದು ಸರಕಾರಕ್ಕೆ, ದಿನಾ, ಗೊತ್ತಿಲ್ಲದೆ. ಉಪ್ಪರ ಅಂಗಡಿಯಲ್ಲಿ ಮಾರುವ ಸೋಪಿನಲ್ಲಿ, ಬಿಸ್ಕತ್ತಿನಲ್ಲಿ, ಮೊಬೈಲ್ ರೀಚಾರ್ಜಿನಲ್ಲಿ, ಬೈಕಿಗೆ ಹಾಕುವ ಪೆಟ್ರೋಲಿನಲ್ಲಿ ಆ ಕಂತು ಸೇರಿದೆ. ಬೀಡಿ ಕಟ್ಟುವ ಹೆಂಗಸೂ ಕಟ್ಟುತ್ತಾಳೆ, ದುಬೈಯಿಂದ ಬಂದ ಮಾಮನೂ ಕಟ್ಟುತ್ತಾರೆ. ಕಂಪನಿ ಒಂದು ಸಾವಿರ ರೂಪಾಯಿ ಕಡಿತ ಮಾಡಿದರೆ ನಾವು ಏಜೆಂಟನ ಮನೆ ಬಾಗಿಲಿಗೆ ಹೋಗುತ್ತೇವೆ. ಸರಕಾರ ಡಾಕ್ಟರನ್ನೇ ಕೊಡದಿದ್ದರೆ "ಸರಕಾರಿ ಅಂದರೆ ಅಷ್ಟೇ" ಎಂದು ಕಾರು ಸ್ಟಾರ್ಟ್ ಮಾಡಿ ತಲಪಾಡಿ ದಾಟುತ್ತೇವೆ. ಕಟ್ಟಿದ ಕಂತಿನ ಕ್ಲೇಮು ಕೇಳದವರನ್ನು ಜಾಣರೆಂದು ಯಾವ ವ್ಯಾಪಾರಿ ಹೇಳುತ್ತಾನೆ?

"ನಾವು ಹೋಗದಿದ್ದರೆ ಬಡವರಿಗೆ ಸಾಲು ಚಿಕ್ಕದಾಗುತ್ತದಲ್ಲ" ಎಂದು ವಾದಿಸುವವರಿದ್ದಾರೆ. ಕೇಳಲು ಚೆಂದ, ಆದರೆ ಸುಳ್ಳು. ನಾನು ಬಾಯ್ಲರ್ ನೋಡಿಕೊಂಡವನು. ಸೇಫ್ಟಿ ವಾಲ್ವ್ ಸೋರುತ್ತಿದ್ದರೆ ಎಷ್ಟು ಬೆಂಕಿ ಹಾಕಿದರೂ ಗೇಜಿನ ಮುಳ್ಳು ಏರುವುದಿಲ್ಲ, ಒತ್ತಡವಿಲ್ಲದೆ ಯಂತ್ರ ತಿರುಗುವುದಿಲ್ಲ. ನಮ್ಮ ಊರಿನಲ್ಲಿ ಬಾಯಿ ಇರುವವರು, ಶಾಸಕರಿಗೆ ಫೋನ್ ಮಾಡಬಲ್ಲವರು, ಪತ್ರಿಕೆಗೆ ಬರೆಯಬಲ್ಲವರು ಎಲ್ಲರೂ ಮಂಗಳೂರು ಎಂಬ ವಾಲ್ವಿನಿಂದ ಹೊರಗೆ ಹೋದರೆ ಒಳಗೆ ಒತ್ತಡ ಹೇಗೆ ಬರುತ್ತದೆ?

ಇದು ಬರೀ ಉಪಮೆಯಲ್ಲ. 2020ರಲ್ಲಿ ನಮ್ಮ ಕಣ್ಣೆದುರೇ ನಡೆದದ್ದು. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು, ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿತು, ಕೆಲವು ಕಡೆ ಮಣ್ಣೇ ಸುರಿಯಿತು. ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಮಂಜೇಶ್ವರದ, ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದರು. ಹಲವರು ತೀರಿಹೋದರು. ಎಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ರೋಗಿಗಳಿಗೆ ದಾರಿ ಬಿಡಿಸುವಂತೆ ಕೇಂದ್ರಕ್ಕೆ ಹೇಳಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ದಿನಗಳಲ್ಲಿ ಕಿಸೆಯಲ್ಲಿ ಐದು ಲಕ್ಷದ ಕಾರ್ಡ್ ಇದ್ದವನಿಗೂ ಇಲ್ಲದವನಿಗೂ ತಲಪಾಡಿಯಲ್ಲಿ ವ್ಯತ್ಯಾಸವಿರಲಿಲ್ಲ. ಪಾಲಿಸಿ ಬಿಲ್ಲು ಕಟ್ಟುತ್ತದೆ, ಆಸ್ಪತ್ರೆ ಕಟ್ಟುವುದಿಲ್ಲ.

ಆಮೇಲೆ ಏನಾಯಿತು ನೆನಪಿದೆಯೇ? ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರ ನವೆಂಬರಿನಲ್ಲಿ. ಆರು ವರ್ಷ ದಾಟಿದರೂ ಅಲ್ಲಿ ಆಸ್ಪತ್ರೆ ತೆರೆದಿರಲಿಲ್ಲ. ಗಡಿ ಮುಚ್ಚಿದ ಎರಡೇ ವಾರದಲ್ಲಿ, ಎಪ್ರಿಲ್ ಮೊದಲ ಭಾಗದಲ್ಲೇ, ಅಲ್ಲಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಸೆಪ್ಟೆಂಬರಿನ ಹೊತ್ತಿಗೆ ತೆಕ್ಕಿಲಿನಲ್ಲಿ ಟಾಟಾದವರು ಕಟ್ಟಿಕೊಟ್ಟ ಇನ್ನೊಂದು ಕೋವಿಡ್ ಆಸ್ಪತ್ರೆ ಸಿದ್ಧವಾಗಿತ್ತು. ವಾಲ್ವ್ ಮುಚ್ಚಿತು, ಮುಳ್ಳು ಏರಿತು, ಯಂತ್ರ ತಿರುಗಿತು. ರಸ್ತೆ ತೆರೆದ ಮೇಲೆ ನಾವು ಪುನಃ ಮಂಗಳೂರಿಗೆ ಹೊರಟೆವು, ಮುಳ್ಳು ಇಳಿಯಿತು. ಆ ಮೆಡಿಕಲ್ ಕಾಲೇಜಿಗೆ 50 ಎಂಬಿಬಿಎಸ್ ಸೀಟಿನ ಅನುಮತಿ ಸಿಗಬೇಕಾದರೆ 2025 ಬರಬೇಕಾಯಿತು.

ನಡುವೆ, 2022ರ ಅಕ್ಟೋಬರಿನಲ್ಲಿ, ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಸಂತ್ರಸ್ತರಿಗಾಗಿ, ಇಲ್ಲಿಗೊಂದು ಒಳ್ಳೆಯ ಆಸ್ಪತ್ರೆಗಾಗಿ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಉಪವಾಸ ಕೂತದ್ದು ಎಂಬತ್ತು ದಾಟಿದ ದಯಾಬಾಯಿ. ಅವರು ನಮ್ಮ ಜಿಲ್ಲೆಯವರಲ್ಲ, ನಮ್ಮ ಸಮುದಾಯದವರಲ್ಲ. ನಮಗಾಗಿ ಅವರು ಹಸಿದು ಕೂತಾಗ ನಾವು ಎಷ್ಟು ಮಂದಿ ಒಂದು ಪತ್ರವಾದರೂ ಬರೆದೆವು?

ಇನ್ನೊಂದು ಮಾತನ್ನು ಭಯದಿಂದಲೇ ಬರೆಯುತ್ತೇನೆ. ವಿಮೆ ಹರಾಮು, ಅದಕ್ಕೇ ಬೇಡ ಎನ್ನುವ ಕುಟುಂಬಗಳು ನಮ್ಮಲ್ಲಿವೆ. ಅದರ ತೀರ್ಪು ಹೇಳಬೇಕಾದವರು ಉಸ್ತಾದರು, ನಟ್ಟು ಬೋಲ್ಟು ತಿರುಗಿಸುವ ನಾನಲ್ಲ. ಆದರೆ 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವ್ಯಾಪಾರಿ ವಿಮೆ ಸಲ್ಲದು ಎಂದಾಗ, ಪರಸ್ಪರ ಸಹಾಯದ ಸಹಕಾರಿ ವಿಮೆ ಆಗಬಹುದು ಎಂದೂ ಹೇಳಿತ್ತು. ನಾವು ಮೊದಲರ್ಧವನ್ನು ಹಿಡಿದುಕೊಂಡೆವು, ಎರಡನೆಯದನ್ನು ಕಟ್ಟಲಿಲ್ಲ. ಅದರ ಬದಲು ಏನು ಮಾಡುತ್ತಿದ್ದೇವೆ? ಮೂಗಿಗೆ ನಳಿಗೆ ಹಾಕಿದ ರೋಗಿಯ ಫೋಟೊ, ಕೆಳಗೆ ಬ್ಯಾಂಕ್ ಖಾತೆ ನಂಬರು, ವಾಟ್ಸಾಪಿನಲ್ಲಿ ಫಾರ್ವರ್ಡ್. ಕೊಡುವವರ ಮನಸ್ಸು ದೊಡ್ಡದು, ಸಂಶಯವಿಲ್ಲ. ಆದರೆ ಆರು ತಿಂಗಳು ಮೊದಲು ಸಕ್ಕರೆ ನೋಡಿಸಿಕೊಳ್ಳಬಹುದಾಗಿದ್ದ ಮನುಷ್ಯನಿಗೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿದ ಮೇಲೆ ಚಂದಾ ಎತ್ತುವುದು ವ್ಯವಸ್ಥೆಯಲ್ಲ. ಅದು ತಡವಾಗಿ ಬಂದ ಕಣ್ಣೀರು. ಎಲ್ಲರೂ ಹಾಕಿ ಕಾಯಿಲೆಯವನು ತೆಗೆದುಕೊಳ್ಳುವ ಅತಿ ದೊಡ್ಡ ಸಹಕಾರಿ ನಿಧಿ ನಮ್ಮ ತೆರಿಗೆಯಿಂದ ನಡೆಯುವ ಸರಕಾರಿ ಆಸ್ಪತ್ರೆಯೇ ಅಲ್ಲವೇ?

ಹಾಗಾದರೆ ಏನು ಮಾಡೋಣ? ಎರಡೂ ಕೈ ಬೇಕು.

ಪಾಲಿಸಿ ಮಾಡುವವರು ಪ್ರಾಯ ಇರುವಾಗ, ಕಾಯಿಲೆ ಬರುವ ಮೊದಲು ಮಾಡಿ. ಇರುವ ಕಾಯಿಲೆಯನ್ನು ಬರೆಯಿರಿ. ಪ್ರೀಮಿಯಂ ಏರಿದರೆ ಏರಲಿ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷ ಮಾತ್ರ ಕಾಯಿಸಬಹುದು. ಐದು ವರ್ಷ ನಿಲ್ಲದೆ ನಡೆದ ಪಾಲಿಸಿಯನ್ನು, ವಂಚನೆ ಸಾಬೀತಾಗದ ಹೊರತು, ಹಳೆ ಕಾಯಿಲೆ ಬರೆದಿಲ್ಲ ಎಂಬ ನೆಪದಲ್ಲಿ ತಳ್ಳುವಂತಿಲ್ಲ. ಕೈಗೆ ಬಂದ ಕಾಗದ ಇಷ್ಟವಾಗದಿದ್ದರೆ 30 ದಿನದೊಳಗೆ ಹಿಂದೆ ಕೊಡಬಹುದು. ಪಾಲಿಸಿಯ ಸಾರಾಂಶದ ಹಾಳೆಯನ್ನು ಸ್ಥಳೀಯ ಭಾಷೆಯಲ್ಲಿ ಕೇಳುವ ಹಕ್ಕಿದೆ, ಕನ್ನಡದಲ್ಲಿ ಕೇಳಿ. ರೂಮಿನ ಬಾಡಿಗೆಗೆ ಮಿತಿ ಉಂಟೇ ಎಂದು ನೋಡಿ. ಮಿತಿ ಮೀರಿದ ರೂಮು ಹಿಡಿದರೆ ಬಾಡಿಗೆ ಮಾತ್ರವಲ್ಲ, ಡಾಕ್ಟರ ಫೀಸು, ಆಪರೇಷನ್ ಖರ್ಚಿನಲ್ಲೂ ಅದೇ ಲೆಕ್ಕದಲ್ಲಿ ಕಡಿತ ಮಾಡುವ ಪಾಲಿಸಿಗಳಿವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಯ ಮೇಲೆ ಇದ್ದ 18 ಶೇಕಡಾ ಜಿಎಸ್‌ಟಿ ಇಲ್ಲ. ಕಂಪನಿ ಅನ್ಯಾಯ ಮಾಡಿದರೆ, ಮೊದಲು ಅದಕ್ಕೇ ದೂರು ಕೊಟ್ಟು, ಆಮೇಲೆ ಕೊಚ್ಚಿಯ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಫೀಸಿಲ್ಲ, ವಕೀಲರೂ ಬೇಡ.

ಪಾಲಿಸಿ ಮಾಡಲು ಆಗದವರು ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಹೆಸರಿದೆಯೇ ಎಂದು ಕಾಯಿಲೆ ಬರುವ ಮೊದಲೇ ನೋಡಿಕೊಳ್ಳಿ. ಹೆಸರಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಖರ್ಚು ಸಿಗುತ್ತದೆ. ನೀವು ಹೋಗುವ ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನೂ ಮೊದಲೇ ಕೇಳಿ.

ಮತ್ತೆ ಎರಡನೆಯ ಕೈ. ಕೇರಳದಲ್ಲಿ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿನ ಕೈಯಲ್ಲಿದೆ, ತಾಲೂಕು ಆಸ್ಪತ್ರೆ ಬ್ಲಾಕ್ ಪಂಚಾಯತಿನ ಕೈಯಲ್ಲಿ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿನ ಕೈಯಲ್ಲಿ. ಅಂದರೆ ನಾವು ಓಟು ಹಾಕಿದ, ಮದುವೆಗೆ ಕರೆದು ಊಟ ಹಾಕುವ ವಾರ್ಡ್ ಮೆಂಬರನ್ನೇ ಕೇಳಬಹುದು. ಗ್ರಾಮಸಭೆಗೆ ಹೋಗಿ. ಎಷ್ಟು ಡಾಕ್ಟರ ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ ಎಂದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಪ್ರತಿ ಜಮಾಅತ್ ಕಮಿಟಿ ವರ್ಷಕ್ಕೆ ಒಂದೇ ಒಂದು ಅರ್ಜಿ ಹಾಕಲಿ, ಬಂದ ಉತ್ತರವನ್ನು ನೋಟಿಸ್ ಬೋರ್ಡಿನಲ್ಲಿ ಅಂಟಿಸಲಿ. ಮುಖ್ಯವಾಗಿ, ಪಾಲಿಸಿ ಇರುವವರೂ ಸಣ್ಣ ಕಾಯಿಲೆಗಾದರೂ ಅಲ್ಲಿಗೆ ಹೋಗಿ. ದುಬೈಯಿಂದ ಬಂದ ಮಾಮ ಒಪಿ ಚೀಟಿ ಹಿಡಿದು ಸಾಲಿನಲ್ಲಿ ಒಂದು ಗಂಟೆ ನಿಂತರೆ, ಮರುದಿನ ಪಂಚಾಯತಿಗೆ ಹೋಗುವ ಫೋನು ನನ್ನ ನೂರು ಸಹಿಗಳಿಗಿಂತ ಗಟ್ಟಿ.

ಮಾಮಾ, ನೀವು ಇದನ್ನು ಓದುತ್ತೀರೆಂದು ಗೊತ್ತು. ಬೇಜಾರು ಮಾಡಬೇಡಿ. ಮನವಿಯ ಕಾಗದ ಈಗಲೂ ಉಪ್ಪರ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಇದೆ. ಇವತ್ತಿಗೆ 143 ಸಹಿ ಆಗಿದೆ. ಸಾಮಾನಿಗೆ ಬಂದಾಗ ನಿಮ್ಮದೂ ಒಂದು ಹಾಕಿ ಹೋಗಿ.